ಸಂಧಿವಾತಕ್ಕೆ ಯಾವ ಪರೀಕ್ಷೆ, ಎಷ್ಟು ಪಥ್ಯ?



ಕಳೆದ ಜೂನ್ ತಿಂಗಳಲ್ಲಿ ನಮ್ಮ ವೈದ್ಯಕೀಯ ನೆರವು ಸಮಿತಿಯ ಮುಂದೆ ಒಂದು ಅರ್ಜಿ ಬಂತು. ಅರ್ಜಿದಾರಳು ವಿಜಯಪುರ ಕಡೆಯಿಂದ ಮುಂಬಯಿಗೆ ಬಂದು, ನಾಲ್ಕು ಮನೆಗಳಲ್ಲಿ ಚಪಾತಿ ಲಟ್ಟಿಸಿ ಸಂಸಾರ ನಡೆಸುವ ಮೂವತ್ತೆಂಟು ವರ್ಷದ ಹೆಣ್ಣುಮಗಳು. ಕಾಯಿಲೆ ರುಮಟಾಯ್ಡ್ ಸಂಧಿವಾತ. ಲಗತ್ತಿಸಿದ ಬಿಲ್ಲುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ‘ಆಹಾರ ಸಂವೇದನೆ ಪರೀಕ್ಷೆ’ಯದು: 11,500 ರೂಪಾಯಿ, ಸಾಲ ಮಾಡಿ ಕಟ್ಟಿದ್ದು. ಮಾತ್ರೆಯ ಬಿಲ್ಲು ಒಂದೂ ಇರಲಿಲ್ಲ.

ಕೇಳಿದೆ. “ಗುಳಿಗಿ ತಿಂದ್ರ ಲಿವರ್ ಹಾಳಾಗ್ತದಂತ್ರಿ ಅಕ್ಕಾರ. ಊಟ ಸರಿ ಮಾಡಿಕೊಂಡ್ರ ಸಾಕು ಅಂದಾರ. ಅದಕ್ಕ ಗುಳಿಗಿ ಬಿಟ್ಟೀನ್ರಿ” ಅಂದಳು. ಅವಳ ಬೆರಳಿನ ಗಿಣ್ಣುಗಳು ಬಾತಿದ್ದವು. ಅವಳಿಗೆ ಬುದ್ಧಿ ಹೇಳುವ ಅಧಿಕಾರ ನನಗೆ ಎಷ್ಟಿತ್ತೋ ತಿಳಿಯದು. ಅಂಥದೇ ಕೆಂಪು, ಹಳದಿ, ಹಸಿರು ಬಣ್ಣದ ರಿಪೋರ್ಟು ನನ್ನ ಕಪಾಟಿನಲ್ಲಿಯೂ ಇದೆ. ಅದನ್ನು ನಂಬಿ ನಾನು ಎಂಟು ತಿಂಗಳು ಕಳೆದುಕೊಂಡೆ. ಆದ್ದರಿಂದಲೇ ಈ ಲೇಖನ. ನಾನು ವೈದ್ಯಳಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದವಳು. ನನ್ನ ವೈದ್ಯರಿಂದ ಕಲಿತದ್ದನ್ನೂ ಮೈಮೇಲೆ ಅನುಭವಿಸಿದ್ದನ್ನೂ ಮಾತ್ರ ಬರೆಯುತ್ತಿದ್ದೇನೆ.

ಬೀಗದ ಕೈ ತಿರುಗದ ದಿನ

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ ಇರುತ್ತವೆ. ಒಂದು ಅಧಿಕಾರಿಯದು, ಇನ್ನೊಂದು ಹೆಡ್ ಕ್ಯಾಶಿಯರ್ ಅವರದು. ಎರಡೂ ತಿರುಗಿದರೇ ಬಾಗಿಲು ತೆರೆಯುವುದು. ನಿವೃತ್ತಿಗೆ ಎರಡು ವರ್ಷ ಇರುವಾಗ ಒಂದು ಬೆಳಿಗ್ಗೆ ನನ್ನ ಕೈ ತಿರುಗಲಿಲ್ಲ. ಬೀಗ ಕೆಟ್ಟಿದೆ ಎಂದುಕೊಂಡೆ. ಕ್ಯಾಶಿಯರ್ ಸಾಹೇಬರು, “ಮೇಡಂ, ಬೀಗ ಸರಿಯಾಗಿಯೇ ಇದೆ, ನಿಮ್ಮ ಮಣಿಕಟ್ಟು ನೋಡಿ” ಎಂದರು. ಎರಡೂ ಮಣಿಕಟ್ಟು ಊದಿಕೊಂಡಿದ್ದವು.

ಅದಕ್ಕೂ ಮೊದಲೇ ಸೂಚನೆಗಳಿದ್ದವು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಒಂದು ಗಂಟೆಗೂ ಹೆಚ್ಚು ಬೇಕು. ಲೋಕಲ್ ಟ್ರೇನಿನ ಹಿಡಿಕೆ ಹಿಡಿದರೆ ಜೀವ ಹೋದಂತೆ. ಜೋಳದ ರೊಟ್ಟಿ ತಟ್ಟುವುದು ನಿಂತೇ ಹೋಗಿತ್ತು. ವಯಸ್ಸಿನ ನೋವು ಎಂದು ಔಷಧಿ ಅಂಗಡಿಯ ನೋವಿನ ಮಾತ್ರೆ ನುಂಗುತ್ತಿದ್ದೆ. ಬಳಗದವರ ಸಲಹೆಗಳಿಗೂ ಕೊರತೆ ಇರಲಿಲ್ಲ. ಬದನೆಕಾಯಿ ನಂಜು, ಬಟಾಟೆ ವಾಯು, ತೊಗರಿಬೇಳೆ ಬಿಡು, ಹುಳಿ ಮುಟ್ಟಬೇಡ!

ಪರಿಚಯದವರೊಬ್ಬರ ಮಾತಿನಂತೆ ಆಹಾರ ಸಂವೇದನೆಯ ರಕ್ತಪರೀಕ್ಷೆ ಮಾಡಿಸಿದೆ. ನೂರಕ್ಕೂ ಹೆಚ್ಚು ಪದಾರ್ಥಗಳ ಪಟ್ಟಿ ಬಂತು. ಕೆಂಪು ಕಲಮಿನಲ್ಲಿ ಹಾಲು, ಮೊಸರು, ಗೋಧಿ, ಶೇಂಗಾ, ಎಳ್ಳು, ತೊಗರಿ, ಬಾಳೆಹಣ್ಣು. ಎಲ್ಲ ಬಿಟ್ಟೆ. ಮೊದಲ ತಿಂಗಳು ನೋವು ತುಸು ಇಳಿಯಿತು. ‘ಗುಣ ಸಿಕ್ಕಿತು’ ಎಂದು ಹತ್ತು ಜನರಿಗೆ ಹೇಳಿದೆ. ಆಮೇಲೆ ಅದು ಮತ್ತೆ ಏರಿತು. ಎಂಟನೆಯ ತಿಂಗಳಿಗೆ ಆರು ಕಿಲೋ ತೂಕ ಇಳಿದು, ಹಿಮೋಗ್ಲೋಬಿನ್ ಒಂಬತ್ತಕ್ಕೆ ಬಂದಿತ್ತು. ಒಂದು ದಿನ ನನ್ನ ಸ್ವಂತ ಖಾತೆಯ ಚೆಕ್ಕು ‘ಸಹಿ ಹೊಂದುವುದಿಲ್ಲ’ ಎಂದು ವಾಪಸು ಬಂತು. ಮೂವತ್ತು ವರ್ಷ ಬೇರೆಯವರ ಸಹಿ ತಾಳೆ ನೋಡಿದವಳು ನಾನು.

ಆಗ ಸಂಧಿವಾತ ತಜ್ಞರ ಬಳಿ ಹೋದೆ. ಎಕ್ಸ್‌ರೇಯಲ್ಲಿ ಬಲ ಮಣಿಕಟ್ಟಿನ, ಎರಡು ಬೆರಳಿನ ಎಲುಬು ಸವೆದದ್ದು ಕಂಡಿತು. “ಇನ್ನು ಮುಂದಿನದನ್ನು ತಡೆಯಬಹುದು. ಆಗಿ ಹೋದದ್ದನ್ನು ತರಲಾಗುವುದಿಲ್ಲ” ಎಂದರು.

ಈ ಕಾಯಿಲೆ ಎಂದರೇನು

ಮಂಡಿ ಸವೆತದ ಸಂಧಿವಾತವೇ ಬೇರೆ, ಇದೇ ಬೇರೆ. ಇಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಊದುತ್ತದೆ, ದಪ್ಪವಾಗುತ್ತದೆ, ಪಕ್ಕದ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಸಾಮಾನ್ಯವಾಗಿ ಕೈಕಾಲಿನ ಸಣ್ಣ ಕೀಲುಗಳಲ್ಲಿ, ಎರಡೂ ಬದಿಗೆ ಕಾಣಿಸುತ್ತದೆ. ನೂರಿನ್ನೂರು ವಯಸ್ಕರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ತಂಬಾಕು ಸೇದುವವರಿಗೆ ಅಪಾಯ ಜಾಸ್ತಿ. ಯೂರಿಕ್ ಆಮ್ಲದಿಂದ ಬರುವ ಗೌಟ್ ಕೂಡ ಬೇರೆಯೇ ಕಾಯಿಲೆ. ಅದರ ಪಥ್ಯವನ್ನು ತಂದು ಇದಕ್ಕೆ ಹಚ್ಚುವುದು ನಮ್ಮಲ್ಲಿ ಬಹಳ.

ಬೇಕಾದ ಪರೀಕ್ಷೆಗಳು

ಮೊದಲ ಪರೀಕ್ಷೆ ವೈದ್ಯರು ಕೈಯಿಂದ ಒತ್ತಿ ನೋಡುವುದು. ಆಮೇಲೆ ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ. ಇವು ಉರಿಯೂತ ಎಷ್ಟಿದೆ ಎಂದು ಹೇಳುತ್ತವೆ, ಯಾವ ಕಾಯಿಲೆ ಎಂದು ಹೇಳುವುದಿಲ್ಲ. ರುಮಟಾಯ್ಡ್ ಫ್ಯಾಕ್ಟರ್ ಎಂಬುದು ವಯಸ್ಸಾದ ಆರೋಗ್ಯವಂತರಲ್ಲಿಯೂ, ಕ್ಷಯ ಅಥವಾ ಹೆಪಟೈಟಿಸ್-ಸಿ ಇದ್ದವರಲ್ಲಿಯೂ ‘ಪಾಸಿಟಿವ್’ ಬರಬಹುದು. ಆ್ಯಂಟಿ-ಸಿಸಿಪಿ ಅದಕ್ಕಿಂತ ಖಚಿತ. ಆದರೆ ಎರಡೂ ‘ನೆಗೆಟಿವ್’ ಇದ್ದು ಕಾಯಿಲೆ ಇರುವವರೂ ಉಂಟು. ಒಂದೇ ವೋಚರ್ ನೋಡಿ ಲೆಕ್ಕ ಮುಗಿಸಲಾಗದು. ಲಕ್ಷಣ, ರಕ್ತ, ಎಕ್ಸ್‌ರೇ ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದು ತಜ್ಞರ ಕೆಲಸ. ಬೆಳಗಿನ ಬಿಗಿತ, ಊತ ಆರು ವಾರ ದಾಟಿದರೆ ತಡಮಾಡದೆ ಅವರ ಬಳಿ ಹೋಗಬೇಕು.

ಆ ಬಣ್ಣದ ರಿಪೋರ್ಟಿನ ಕಥೆ

ಈ ದುಬಾರಿ ಪರೀಕ್ಷೆ ಅಳೆಯುವುದು ರಕ್ತದಲ್ಲಿನ ಐಜಿಜಿ ಎಂಬ ಪ್ರತಿಕಾಯವನ್ನು. ನಾವು ತಿನ್ನುವ ಪದಾರ್ಥಗಳಿಗೆ ಐಜಿಜಿ ಹುಟ್ಟುವುದು ಸಹಜ. ದೇಹಕ್ಕೆ ಆ ಪದಾರ್ಥದ ಪರಿಚಯ ಇದೆ ಎಂಬುದಷ್ಟೇ ಅದರ ಅರ್ಥ. ಅದಕ್ಕೇ ನನ್ನ ಕೆಂಪು ಕಲಮು ನನ್ನ ಅಡುಗೆಮನೆಯ ಪಟ್ಟಿಯಂತೆಯೇ ಇತ್ತು! ಯುರೋಪಿನ ಅಲರ್ಜಿ ತಜ್ಞರ ಸಂಸ್ಥೆ 2008ರಲ್ಲಿಯೇ, ಆಹಾರದ ತೊಂದರೆ ಪತ್ತೆಹಚ್ಚಲು ಈ ಪರೀಕ್ಷೆ ಬೇಡವೆಂದು ಹೇಳಿದೆ. ಅಮೆರಿಕ, ಕೆನಡಾದ ತಜ್ಞರ ಸಂಘಗಳ ಅಭಿಪ್ರಾಯವೂ ಅದೇ.

ಹಾಗೆಂದು ಆಹಾರದ ತೊಂದರೆಗಳೇ ಸುಳ್ಳು ಎಂದಲ್ಲ. ಶೇಂಗಾ ಅಥವಾ ಸಿಗಡಿ ತಿಂದ ಕೂಡಲೇ ತುಟಿ ಊದುವುದು, ಮೈಮೇಲೆ ಗಂದೆ ಏಳುವುದು, ಉಸಿರು ಕಟ್ಟುವುದು ನಿಜವಾದ ಅಲರ್ಜಿ. ಅದಕ್ಕೆ ಐಜಿಇ ರಕ್ತಪರೀಕ್ಷೆ, ಚರ್ಮದ ಚುಚ್ಚು ಪರೀಕ್ಷೆ ಇವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಸಾಮಾನ್ಯವಾಗಿ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಗೂ ಬೇರೆ ರಕ್ತಪರೀಕ್ಷೆ ಇದೆ. ಅದನ್ನು ಮಾಡಿಸುವ ಮೊದಲು ಗೋಧಿ ಬಿಟ್ಟರೆ ಕಾಯಿಲೆ ಪತ್ತೆಯಾಗದೆ ಹೋಗಬಹುದು. ಯಾವುದು ಬೇಕು ಎಂದು ವೈದ್ಯರು ಹೇಳಲಿ, ಜಾಹೀರಾತು ಹೇಳುವುದು ಬೇಡ.

ಹಾಗಾದರೆ ಮೊದಲ ತಿಂಗಳು ನನಗೆ ನೋವು ಇಳಿದದ್ದು ಹೇಗೆ? ಈ ಕಾಯಿಲೆ ತಾನಾಗಿಯೇ ಏರಿಳಿಯುತ್ತದೆ. ನೋವು ಅತಿಯಾದಾಗಲೇ ನಾವು ಹೊಸ ಪಥ್ಯ ಹಿಡಿಯುತ್ತೇವೆ. ಇಳಿತ ಬಂದಾಗ ಕೀರ್ತಿ ಪಥ್ಯಕ್ಕೆ ಹೋಗುತ್ತದೆ.

ಊಟದಿಂದ ಏನೂ ಆಗುವುದಿಲ್ಲವೇ?

ಆಗುತ್ತದೆ, ಮಿತಿಯಲ್ಲಿ. 1991ರಲ್ಲಿ ನಾರ್ವೆಯ ವೈದ್ಯರು ಕೆಲವು ರೋಗಿಗಳಿಗೆ ಉಪವಾಸ ಮಾಡಿಸಿ, ಬಳಿಕ ಒಂದು ವರ್ಷ ಸಸ್ಯಾಹಾರ ಕೊಟ್ಟಾಗ ಸುಧಾರಣೆ ಕಂಡದ್ದುಂಟು. ಆದರೆ ಅದು ಸಣ್ಣ ಗುಂಪು. ಅಮೆರಿಕದ ಸಂಧಿವಾತ ತಜ್ಞರ ಸಂಘದ 2022ರ ಮಾರ್ಗಸೂಚಿ, ಮದ್ದಿನ ಜೊತೆಗೆ ಮೆಡಿಟರೇನಿಯನ್ ಬಗೆಯ ಊಟ ಒಳ್ಳೆಯದು ಎನ್ನುತ್ತದೆ: ಹೆಚ್ಚು ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಆಲಿವ್ ಎಣ್ಣೆ, ಮೀನು. ಅದಕ್ಕಿಂತ ಬಲವಾಗಿ ಹೇಳುವುದು ವ್ಯಾಯಾಮ ತಪ್ಪಿಸಬೇಡಿ ಎಂದು. ಬದನೆ, ಟೊಮೆಟೊ, ಬಟಾಟೆಯನ್ನು ಎಲ್ಲರೂ ಬಿಡಬೇಕು ಎನ್ನಲು ಗಟ್ಟಿ ಆಧಾರವಿಲ್ಲ.

ನಮ್ಮ ತಾಟಿನಲ್ಲಿ ಇದು ಕಷ್ಟವೇನಲ್ಲ. ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಮೊಳಕೆ ಹೆಸರುಕಾಳು, ಅಗಸಿ ಹಿಂಡಿ. ಮೀನು ತಿನ್ನುವ ಕರಾವಳಿಯ ಬಂಧುಗಳಿಗೆ ಬಂಗುಡೆ, ಭೂತಾಯಿ ಇದ್ದೇ ಇವೆ. ಅವುಗಳ ಎಣ್ಣೆಯ ಅಂಶ ನೋವನ್ನು ಸ್ವಲ್ಪ ತಗ್ಗಿಸುತ್ತದೆ. ಸಸ್ಯಾಹಾರಿಗಳು ಬಿ-12, ಕಬ್ಬಿಣ, ವಿಟಮಿನ್ ಡಿ ಎಷ್ಟಿದೆ ಎಂದು ವೈದ್ಯರಲ್ಲಿ ವಿಚಾರಿಸಬೇಕು.

ಯಾವುದಾದರೂ ಪದಾರ್ಥ ತನಗೆ ಆಗಿಬರುವುದಿಲ್ಲ ಎಂದು ಅನುಮಾನ ಇದ್ದವರಿಗೆ ನನ್ನ ವೈದ್ಯರು ಹೇಳಿಕೊಟ್ಟ ದಾರಿ ಇದು. ಒಂದು ನೋಟುಬುಕ್ ಇಡಿ. ಬೆಳಗಿನ ಬಿಗಿತ ಎಷ್ಟು ನಿಮಿಷ ಎಂದು ದಿನವೂ ಬರೆಯಿರಿ. ಒಂದೇ ಒಂದು ಪದಾರ್ಥವನ್ನು ಮೂರು ವಾರ ಬಿಡಿ, ಮತ್ತೆ ತಿಂದು ನೋಡಿ. ಎರಡು ಸಲ ಹಾಗೆಯೇ ಆದರೆ ಮಾತ್ರ ಅದನ್ನು ನಂಬಿ. ಮದ್ದು ಮಾತ್ರ ನಿಲ್ಲಿಸಬೇಡಿ. ತುಟಿ ಊದುವಂಥ ಅಲರ್ಜಿಯ ಪದಾರ್ಥವನ್ನು ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ.

ಒಂದು ವರ್ಷದ ನನ್ನ ಪುಸ್ತಕದಲ್ಲಿ ಉಳಿದದ್ದು ಎರಡು ಮಾತು. ಹಾಲಿನಿಂದ ಹೊಟ್ಟೆ ಉಬ್ಬರಿಸುತ್ತದೆ, ಕೀಲಿಗೆ ಏನೂ ಆಗುವುದಿಲ್ಲ, ಮೊಸರು ಆಗಿಬರುತ್ತದೆ. ಏಕಾದಶಿಯ ಉಪವಾಸ ಮಾತ್ರೆಯ ದಿನವೇ ಬಂದರೆ ವಾಕರಿಕೆ. ವೈದ್ಯರನ್ನು ಕೇಳಿ ಮಾತ್ರೆಯನ್ನು ಭಾನುವಾರ ರಾತ್ರಿ ಊಟದ ನಂತರಕ್ಕೆ ಹಾಕಿಕೊಂಡೆ. ಕೆಂಪು ಕಲಮಿನ ಉಳಿದ ಪದಾರ್ಥಗಳೆಲ್ಲ ಮನೆಗೆ ಮರಳಿದವು.

ಭಾನುವಾರದ ಮಾತ್ರೆ

ಆ ಮಾತ್ರೆ ಮೆಥೊಟ್ರೆಕ್ಸೇಟ್. ನೋವಿನ ಮಾತ್ರೆ ನೋವನ್ನು ಮುಚ್ಚುತ್ತದೆ, ಸವೆತವನ್ನು ತಡೆಯುವುದಿಲ್ಲ. ಇದು ಕಾಯಿಲೆಯ ಓಟವನ್ನೇ ತಡೆಯುತ್ತದೆ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಜೊತೆಗೆ ಫೋಲಿಕ್ ಆಮ್ಲ ಕೊಡುತ್ತಾರೆ. ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ನಡೆಸುತ್ತಿದ್ದ ಲೆಡರ್ಲಿ ಪ್ರಯೋಗಾಲಯದಲ್ಲಿಯೇ 1940ರ ದಶಕದಲ್ಲಿ ಈ ಎರಡೂ ತಯಾರಾದವು ಎಂದು ತಿಳಿದಾಗ ನನಗೆ ಏನೋ ಸಮಾಧಾನ.

ಎಲ್ಲಕ್ಕಿಂತ ಮುಖ್ಯ ಮಾತು: ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರು, ಗರ್ಭಧಾರಣೆ ಯೋಚಿಸುವವರು ತೆಗೆದುಕೊಳ್ಳಬಾರದು. ಮದ್ಯ ಬೇಡ. ಲಿವರಿನ ಭಯ ಪೂರ್ತಿ ಸುಳ್ಳಲ್ಲ. ಅದಕ್ಕಾಗಿಯೇ ಆಗಾಗ ರಕ್ತಪರೀಕ್ಷೆ ಮಾಡಿ ನೋಡುತ್ತಾರೆ, ಬೇಕಾದರೆ ಪ್ರಮಾಣ ಇಳಿಸುತ್ತಾರೆ ಅಥವಾ ಬೇರೆ ಮದ್ದು ಕೊಡುತ್ತಾರೆ. ಮೇಲ್ವಿಚಾರಣೆ ಇದ್ದರೆ ಲಿವರು ಉಳಿಯುತ್ತದೆ. ಮದ್ದು ಬಿಟ್ಟರೆ ಕೀಲು ಉಳಿಯುವುದಿಲ್ಲ.

ನಿಮ್ಮಲ್ಲಿ ವಿನಂತಿ

ಆ ಹೆಣ್ಣುಮಗಳ ಅರ್ಜಿಗೆ ಬರೋಣ. ಆಹಾರ ಪರೀಕ್ಷೆಯ 11,500 ರೂಪಾಯಿಯನ್ನು ಸಮಿತಿ ಮಂಜೂರು ಮಾಡಲಿಲ್ಲ. ಅವಳಿಗೆ ಬೇಸರವಾಯಿತು, ಅದು ಸಾಲದ ಹಣ. ಬದಲಿಗೆ ಅವಳನ್ನು ಮುನ್ಸಿಪಲ್ ಆಸ್ಪತ್ರೆಯ ಸಂಧಿವಾತ ವಿಭಾಗಕ್ಕೆ ಕರೆದೊಯ್ದು, ಆರು ತಿಂಗಳ ಮಾತ್ರೆ, ರಕ್ತಪರೀಕ್ಷೆಯ ಖರ್ಚನ್ನು ಸಂಘ ವಹಿಸಿಕೊಂಡಿತು. ಮಾತ್ರೆಯ ಪಟ್ಟಿಯ ಮೇಲೆ ಕನ್ನಡದಲ್ಲಿ ‘ಭಾನುವಾರ ಮಾತ್ರ’ ಎಂದು ನಾನೇ ಬರೆದುಕೊಟ್ಟೆ. ಮೂರನೆಯ ತಿಂಗಳಿಗೆ ಎರಡು ಮನೆಯ ಕೆಲಸ ಮತ್ತೆ ಹಿಡಿದಿದ್ದಾಳೆ. ಎಡಗೈಯ ಒಂದು ಬೆರಳು ಸೊಟ್ಟಗೆ ಉಳಿದಿದೆ, ನನ್ನದರ ಹಾಗೆ.

ನನ್ನ ಸ್ವಂತ ಖರ್ಚಿನ ಪುಸ್ತಕ ನೋಡಿ ಹೇಳುತ್ತೇನೆ: ಆ ಒಂದು ರಿಪೋರ್ಟಿನ ಹಣದಲ್ಲಿ ಒಂದು ವರ್ಷದ ಮೆಥೊಟ್ರೆಕ್ಸೇಟ್, ಫೋಲಿಕ್ ಆಮ್ಲ, ಮೂರು ತಿಂಗಳಿಗೊಮ್ಮೆಯ ರಕ್ತಪರೀಕ್ಷೆ ಎಲ್ಲ ಮುಗಿದು ಇನ್ನೂ ಉಳಿಯುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ದಾನಿಗಳ ಕೈ ತಾನಾಗಿ ಮುಂದೆ ಬರುತ್ತದೆ, ಅದು ಸರಿಯೇ. ಆದರೆ ತಿಂಗಳು ತಿಂಗಳು ತಪ್ಪದೆ ಬೇಕಾಗುವ ಸಣ್ಣ ಮೊತ್ತ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ತಪ್ಪಿದಾಗಲೇ ಬಡವರು ಮಾತ್ರೆ ಬಿಡುವುದು.

ಆದ್ದರಿಂದ ವೈದ್ಯಕೀಯ ನೆರವು ನಿಧಿಗೆ ಈ ವರ್ಷ ಕೊಡುವವರು, ಸಾಧ್ಯವಾದರೆ ಒಂದು ಭಾಗವನ್ನು ‘ದೀರ್ಘಕಾಲದ ಕಾಯಿಲೆಗಳ ತಿಂಗಳ ಔಷಧಿ’ಗೆಂದು ಬರೆದು ಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಹಣ ಕೊಡಲಾಗದವರು ಸಮಯ ಕೊಡಬಹುದು. ಭಾಷೆ ಬಾರದ ನಮ್ಮವರ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಬೇಕಾಗಿದ್ದಾರೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಬೆಳಿಗ್ಗೆ ಬೆರಳು ಮಡಚಲು ಬಾರದವರಿದ್ದರೆ, ಪಥ್ಯದ ಪಟ್ಟಿ ಕೊಡುವ ಮೊದಲು ಅವರನ್ನು ವೈದ್ಯರ ಬಳಿ ಕಳಿಸಿ. ದಾರಿ ಗೊತ್ತಿಲ್ಲದಿದ್ದರೆ ಸಂಘದ ಕಚೇರಿಗೆ ಕಳಿಸಿ. ಭಾನುವಾರ ಬೆಳಿಗ್ಗೆ ನಾನು ಅಲ್ಲಿ ಇರುತ್ತೇನೆ.