ತದಡಿಯಿಂದ ಹೊರಟ ರಾಯಭಾರ, ಅದನ್ನು ಓದಿದ ವಿದ್ವಾಂಸ



ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಇತಿಹಾಸ ಓದುವ ಮಕ್ಕಳು ನಮಗೆ ಸಿಗುವುದೇ ಅಪರೂಪ. "ಅದನ್ನು ಓದಿ ಏನು ಮಾಡೋದು ಸಾರ್?" ಎಂದು ಪಾಲಕರು ಕೇಳುತ್ತಾರೆ. ಆಗ ನಾವು ಕಲ್ಕತ್ತಾ, ಅಲಿಗಢಗಳಲ್ಲಿ ಪಾಠ ಹೇಳಿದ ಪ್ರೊ. ಮೊಹಿಬ್ಬುಲ್ ಹಸನ್ ಅವರ ಹೆಸರು ಹೇಳುತ್ತೇವೆ.

1786ರಲ್ಲಿ ಟಿಪ್ಪು ಸುಲ್ತಾನರು ತುರ್ಕಿಯ ಸುಲ್ತಾನರ ಬಳಿಗೆ ರಾಯಭಾರಿಗಳನ್ನು ಕಳುಹಿಸಿದರು. ನಾಲ್ಕು ಹಡಗುಗಳು ಹೊರಟದ್ದು ನಮ್ಮ ಉತ್ತರ ಕನ್ನಡದ ತದಡಿಯಿಂದ. (ತದಡಿಯ ಮೀನು ಎಲ್ಲರಿಗೂ ಗೊತ್ತು, ಈ ಸಂಗತಿ ಎಷ್ಟು ಜನರಿಗೆ ಗೊತ್ತು?) ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಬೇಕಿತ್ತು. ಬಸ್ರಾ ಬಂದರಿನಲ್ಲಿ ಹಕ್ಕು ಕೊಟ್ಟರೆ ಮಂಗಳೂರಿನಲ್ಲಿ ಹಕ್ಕು ಕೊಡುವ ಮಾತೂ ಇತ್ತು. ಸೈನ್ಯ ಸಿಗಲಿಲ್ಲ, ಹೋದವರಲ್ಲಿ ಬಹಳ ಮಂದಿ ಮರಳಲೂ ಇಲ್ಲ.

ನಿಯೋಗದಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಫಾರ್ಸಿಯಲ್ಲಿ ದಿನಚರಿ ಬರೆದಿಟ್ಟಿದ್ದರು. 1951ರಲ್ಲಿ ಟಿಪ್ಪು ಚರಿತ್ರೆ ಪ್ರಕಟಿಸಿದ ಮೇಲೂ ಹಸನ್ ಅವರು ವಿಷಯ ಬಿಡಲಿಲ್ಲ; ಆ ದಿನಚರಿಯನ್ನು ಸಂಪಾದಿಸಿ 1968ರಲ್ಲಿ ಅಚ್ಚು ಹಾಕಿಸಿದರು. ಇಂಗ್ಲಿಷರ ಕಾಗದಪತ್ರಗಳ ಪಕ್ಕದಲ್ಲಿ ಮೈಸೂರಿನ ಕಡೆಯವರದೇ ಬರಹವನ್ನಿಟ್ಟು ನೋಡಲು ಸಾಧ್ಯವಾಯಿತು. ಫಾರ್ಸಿ ಬಾರದವರಿಂದ ಆಗುವ ಕೆಲಸವಲ್ಲ ಇದು.

ಈ ಸಾಲಿನಲ್ಲಿ ಇತಿಹಾಸ ಮತ್ತು ಭಾಷೆಗಳ ಬಿ.ಎ., ಎಂ.ಎ. ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಅಂಕಪಟ್ಟಿಯ ಜೊತೆಗೆ, ಯಾವ ಯಾವ ಲಿಪಿ ಓದಲು ಬರುತ್ತದೆ ಎಂಬುದನ್ನೂ ದಯವಿಟ್ಟು ಬರೆಯಿರಿ.