ಮನೆಗೆಲಸಕ್ಕೆ ಇನ್ನೊಂದು ಕೈ

ಆರಿದ್ರಾ ಮಳೆ ಹಿಡಿದರೆ ನಮ್ಮ ಕಡೆ ಸುಲಭಕ್ಕೆ ಬಿಡುವುದಿಲ್ಲ. ಕೊಪ್ಪ ಇರಲಿ, ಶೃಂಗೇರಿ ಇರಲಿ, ನರಸಿಂಹರಾಜಪುರ ಇರಲಿ. ಎಲ್ಲಾ ಕಡೆ ಅಂಗಳದಲ್ಲಿ ಪಾಚಿ. ಬಚ್ಚಲ ಮೆಟ್ಟಿಲಲ್ಲಿ ಪಾಚಿ. ಬಾವಿ ಕಟ್ಟೆ ಮೇಲೂ ಪಾಚಿ. ಅಡಿಕೆ ಸೋಗೆ ಹಾಸಿಕೊಂಡು ನಡೆಯುತ್ತೇವೆ. ಆದರೂ ಗಟ್ಟಿ ಕಾಲಿನವರೇ ಜಾರಿ ಬೀಳುತ್ತಾರೆ.

ಕಾಲು ಊನ ಇದ್ದವರ ಗತಿ ಏನು?

ನಮ್ಮ ಸಂಜೆ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಹೆಸರು ಇಲ್ಲಿ ಬೇಡ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವರ ಎಡಗಾಲು ಸಣ್ಣಗಾಗಿದೆ. ಕೋಲು ಹಿಡಿದು ನಡೀತಾರೆ. ಗಂಡ ತೋಟದ ಕೆಲಸಕ್ಕೆ ಹೋಗುತ್ತಾರೆ. ಮಗಳು ಇರುವ ತನಕ ಮನೆಗೆಲಸ ಎಲ್ಲಾ ಅವಳೇ ಮಾಡುತ್ತಿದ್ದಳು. ಮಗಳ ಮದುವೆ ಆಯಿತು. ಆಮೇಲೆ ಈ ಅಕ್ಕ ನೆಲದ ಮೇಲೆ ಕೂತು, ಮೈ ಎಳೆದುಕೊಂಡು ಕಸ ಗುಡಿಸಬೇಕಾಯಿತು. ಹಂಗೇ ಕೂತು ನೆಲ ಒರೆಸಬೇಕಾಯಿತು. ಒಂದು ದಿನ ಬಚ್ಚಲು ತಿಕ್ಕಲು ಹೋಗಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಒಂದೂವರೆ ತಿಂಗಳು ಪೆನ್ಸಿಲ್ ಹಿಡಿಯಲು ಆಗಲಿಲ್ಲ. ಆಗಷ್ಟೇ ಒತ್ತಕ್ಷರ ಕಲಿಯುತ್ತಿದ್ದರು.

ಕೈ ವಾಸಿಯಾಗಿ ಬಂದ ಮೇಲೆ ನಾವು ಕೇಳಿದೆವು. "ಅಕ್ಕಾ, ನಿಮಗೆ ತಿಂಗಳಾ ತಿಂಗಳಾ ಪಿಂಚಣಿ ಬರುತ್ತಲ್ಲ. ಅದರಲ್ಲಿ ಯಾರಾದರೂ ಒಬ್ಬರನ್ನು ಕರೆದು ಕೆಲಸ ಮಾಡಿಸಬಾರದಾ?"

ಅವರು ಗಾಬರಿಯಾದರು. "ಅಯ್ಯೋ, ಅದು ಸರ್ಕಾರದ ದುಡ್ಡು ಟೀಚರ್. ಔಷಧಿಗೆ ಅಂತ ಕೊಡೋದು. ಕಸ ಗುಡಿಸೋಕೆ ಕೊಟ್ಟೆ ಅಂತ ಗೊತ್ತಾದ್ರೆ ಕಟ್ ಮಾಡಲ್ವಾ?"

ಅಲ್ಲಿದ್ದ ಬೇರೆ ಅಕ್ಕಂದಿರೂ ಹೌದು ಹೌದು ಅಂದರು. ನಿಜ ಹೇಳಬೇಕು ಅಂದರೆ ಆ ಸಂಜೆ ನಮಗೂ ಖಚಿತವಾಗಿ ಗೊತ್ತಿರಲಿಲ್ಲ. ವಿಚಾರಿಸಿಕೊಂಡು ಬಂದೆವು. ವಿಷಯ ಹೀಗಿದೆ.

ಆ ಹಣ ಯಾರದು?

ಆ ಹಣ ನಿಮ್ಮದು. ಇದಕ್ಕೇ ಖರ್ಚು ಮಾಡಬೇಕು ಅಂತ ಅದಕ್ಕೆ ಕಟ್ಟುಪಾಡು ಇಲ್ಲ. ಔಷಧಿಗೆ ಆಗಬಹುದು. ಅಕ್ಕಿಗೆ ಆಗಬಹುದು. ಮನೆ ಗುಡಿಸಿದವರ ಕೂಲಿಗೂ ಆಗಬಹುದು. ಯಾವ ಆಫೀಸಿನವರೂ ನಿಮ್ಮನ್ನು ಲೆಕ್ಕ ಕೇಳುವ ಹಾಗಿಲ್ಲ. ಮನೆಗೆಲಸಕ್ಕೆ ಜನ ಇಟ್ಟುಕೊಂಡಿದ್ದಾರೆ ಅಂತ ಪಿಂಚಣಿ ನಿಲ್ಲುವುದಿಲ್ಲ.

ಆಫೀಸಿನ ಕಾಗದದಲ್ಲಿ ಇದನ್ನು ಅಂಗವಿಕಲರ ಮಾಸಾಶನ ಅಂತ ಬರೆಯುತ್ತಾರೆ. ಈಗ ವಿಕಲಚೇತನರು ಅನ್ನುವ ಮಾತೂ ಬಂದಿದೆ. ಊನ ನೂರಕ್ಕೆ 40ರಷ್ಟಾದರೂ ಇದೆ ಅಂತ ಡಾಕ್ಟರು ಬರೆದುಕೊಡಬೇಕು. 40ರಿಂದ 75ರ ಒಳಗೆ ಇದ್ದರೆ ತಿಂಗಳಿಗೆ 800 ರೂಪಾಯಿ. ಮೊದಲು ಇದು 600 ಇತ್ತು. 2021ರಲ್ಲಿ 800 ಆಯಿತು. ಊನ 75ರ ಮೇಲಿದ್ದರೆ 1,400 ರೂಪಾಯಿ. ಮನೆಯ ಆದಾಯಕ್ಕೆ ಒಂದು ಮಿತಿ ಇದೆ. ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಹಣ ಬರುವುದು ಬ್ಯಾಂಕಿಗೆ ಅಥವಾ ಪೋಸ್ಟಾಫೀಸಿಗೆ, ನಿಮ್ಮ ಹೆಸರಿನ ಖಾತೆಗೆ. ಗಂಡನ ಖಾತೆಗೆ ಅಲ್ಲ, ಮಗನ ಖಾತೆಗೂ ಅಲ್ಲ.

ಅರ್ಜಿ ಬರೆಯುವುದು ಕಷ್ಟ ಅಂದರೆ ಪಂಚಾಯಿತಿಗೆ ಹೋಗಿ. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರು ಇರುತ್ತಾರೆ. ಉದ್ದ ಹೆಸರು, ಹೆದರಬೇಡಿ. ವಿ.ಆರ್.ಡಬ್ಲ್ಯೂ. ಅಂದರೆ ಸಾಕು, ತೋರಿಸುತ್ತಾರೆ. ಊನ ಇದ್ದವರಿಗೆ ಸಹಾಯ ಮಾಡುವುದೇ ಅವರ ಕೆಲಸ.

800 ರೂಪಾಯಿಗೆ ಎಷ್ಟು ಕೆಲಸ?

ಈಗ ಲೆಕ್ಕಕ್ಕೆ ಬರೋಣ. ಪೆನ್ಸಿಲ್ ತೆಗೆದುಕೊಳ್ಳಿ.

ಉದ್ಯೋಗ ಖಾತ್ರಿ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ 2025ರ ಏಪ್ರಿಲ್‌ನಲ್ಲಿ ದಿನಕ್ಕೆ 370 ರೂಪಾಯಿ ಕೂಲಿ ಗೊತ್ತು ಮಾಡಿದರು. ಅದನ್ನೇ ಅಳತೆ ಅಂತ ಇಟ್ಟುಕೊಳ್ಳೋಣ. ಅರ್ಧ ದಿನಕ್ಕೆ ಎಷ್ಟಾಯಿತು? 185 ರೂಪಾಯಿ. ವಾರಕ್ಕೆ ಒಂದು ಸಲ ಅರ್ಧ ದಿನ ಕರೆದರೆ ನಾಲ್ಕು ವಾರಕ್ಕೆ 740 ರೂಪಾಯಿ. 800ರಲ್ಲಿ 740 ಕಳೆದರೆ 60 ಉಳಿಯಿತು. ಅದು ಸೋಪಿನ ಪುಡಿಗೆ, ಬ್ಲೀಚಿಂಗ್ ಪುಡಿಗೆ.

ಔಷಧಿಗೆ? ಏನೂ ಉಳಿಯಲಿಲ್ಲ. ಐದು ಶನಿವಾರ ಇರುವ ತಿಂಗಳಲ್ಲಿ ಕೈಯಿಂದಲೇ 125 ಹಾಕಬೇಕು. ತೋಟದವರು ಇದಕ್ಕಿಂತ ಹೆಚ್ಚು ಕೂಲಿ ಕೊಟ್ಟರೆ ಅರ್ಧ ದಿನಕ್ಕೆ 185ಕ್ಕೆ ಯಾರೂ ಬರುವುದಿಲ್ಲ. ಇದು ಸಣ್ಣ ದುಡ್ಡು. ಸಣ್ಣದು ಅಂತಲೇ ನಾವು ಹೇಳುತ್ತೇವೆ. ಅದನ್ನು ದೊಡ್ಡದು ಅಂತ ನಿಮಗೆ ನಂಬಿಸಲು ನಾವು ಬಂದಿಲ್ಲ.

ಮನೆ ಯಜಮಾನಿ ನೀವೇ ಆಗಿದ್ದರೆ ಗೃಹಲಕ್ಷ್ಮಿ ಹಣವೂ ಬರಬಹುದು. ಅದು 2023ರ ಆಗಸ್ಟ್‌ನಲ್ಲಿ ಶುರುವಾಯಿತು. ತಿಂಗಳಿಗೆ 2,000 ರೂಪಾಯಿ. ಪಿಂಚಣಿ ಇದ್ದವರಿಗೆ ಗೃಹಲಕ್ಷ್ಮಿ ಇಲ್ಲ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು.

ನಾಲ್ಕು ಗಂಟೆ ಮಾತ್ರ ಸಿಗುತ್ತೆ ಅಂದಾಗ ಯಾವ ಕೆಲಸ ಹೇಳಬೇಕು? ಇದನ್ನು ಯೋಚನೆ ಮಾಡಬೇಕು. ನಮ್ಮ ಅಕ್ಕ ಮೊದಲು "ಪಾತ್ರೆ ತೊಳೆಸುತ್ತೇನೆ" ಅಂದರು. ಆದರೆ ಪಾತ್ರೆಯನ್ನು ಅವರು ಮಣೆ ಮೇಲೆ ಕೂತು ತೊಳೆಯಬಲ್ಲರು. ತರಕಾರಿ ಹೆಚ್ಚಬಲ್ಲರು. ಬಟ್ಟೆ ಮಡಚಬಲ್ಲರು. ಅವರಿಗೆ ಆಗದ್ದು ಮತ್ತು ಅವರಿಗೆ ಅಪಾಯ ಇರುವುದು ಬೇರೆ. ಬಚ್ಚಲು ತಿಕ್ಕುವುದು. ಕಕ್ಕಸು ತೊಳೆಯುವುದು. ಅಂಗಳದ ಪಾಚಿ ಕೆರೆಯುವುದು. ಅಟ್ಟದ ಬಲೆ ತೆಗೆಯುವುದು. ಹಂಡೆ ಒಲೆಗೆ ಒಂದು ವಾರಕ್ಕಾಗುವಷ್ಟು ಸೌದೆ ತಂದು ಕೈಗೆ ಸಿಗುವ ಹಾಗೆ ಒಟ್ಟುವುದು. ಬೀಳುವ ಜಾಗದ ಕೆಲಸ ಮೊದಲು. ಕಣ್ಣಿಗೆ ಚಂದ ಕಾಣುವ ಕೆಲಸ ಆಮೇಲೆ. ದನ ಇದ್ದರೆ ಕೊಟ್ಟಿಗೆ ಕೆಲಸಕ್ಕೆ ಈ ನಾಲ್ಕು ಗಂಟೆ ಸಾಲುವುದಿಲ್ಲ. ಅದು ದಿನಾ ಇರುವ ಕೆಲಸ.

ಇಲ್ಲಿ ಒಂದು ಎಚ್ಚರಿಕೆ. ಬ್ಲೀಚಿಂಗ್ ಪುಡಿ ಮತ್ತು ಕಕ್ಕಸು ತೊಳೆಯುವ ಆಸಿಡ್ ಎರಡನ್ನೂ ಒಟ್ಟಿಗೆ ಹಾಕಬಾರದು. ವಿಷದ ಗಾಳಿ ಏಳುತ್ತೆ. ಉಸಿರು ಕಟ್ಟುತ್ತೆ. ಒಂದನ್ನು ಹಾಕಿ, ನೀರು ಸುರಿದು ಪೂರಾ ತೊಳೆದ ಮೇಲೆಯೇ ಇನ್ನೊಂದರ ಮಾತು.

ಗಂಡ ದಿನಾ ಐದು ನಿಮಿಷ ಬಚ್ಚಲು ತಿಕ್ಕಿದರೆ ಹಣವೂ ಉಳೀತದೆ. ಇದನ್ನು ಹೇಳಿದಾಗ ಕೇಂದ್ರದಲ್ಲಿ ಎಲ್ಲರೂ ನಕ್ಕರು. ನಾವು ತಮಾಷೆಗೆ ಹೇಳಿದ್ದಲ್ಲ.

ಜನ ಏನಂತಾರೆ?

ಅಕ್ಕನಿಗೆ ಹಣದ ಚಿಂತೆಗಿಂತ ಈ ಚಿಂತೆ ದೊಡ್ಡದಾಗಿತ್ತು. "ಕೂಲಿ ಮನೆಯವರು ನಾವು. ನಮ್ಮ ಮನೆಗೂ ಕೆಲಸದವಳು ಬರ್ತಾಳಾ ಅಂತ ಆಡಿಕೊಳ್ತಾರೆ" ಅಂದರು. ಅತ್ತಿಗೆ ಆಗಲೇ ಅಂದಿದ್ದಳಂತೆ, "ಪಿಂಚಣಿ ಬಂದ ಮೇಲೆ ಅಮ್ಮಾವ್ರಾದ್ಲು" ಅಂತ.

ನಾವು ಒಂದು ಮಾತು ಕೇಳಿದೆವು. ಅಡಿಕೆ ಮರ ಹತ್ತಲು ಬಾರದ ಯಜಮಾನರು ಏನು ಮಾಡುತ್ತಾರೆ? ಕೊನೆಗಾರರನ್ನು ಕರೆಯುತ್ತಾರೆ. ಕೂಲಿ ಕೊಡುತ್ತಾರೆ. ಅದನ್ನು ಯಾರೂ ಸೋಮಾರಿತನ ಅನ್ನುವುದಿಲ್ಲ. ಮರ ಹತ್ತಲು ಆಗದವರು ಹತ್ತುವವರನ್ನು ಕರೆದರು, ಅಷ್ಟೇ. ಬಗ್ಗಲು ಆಗದವರು ಬಗ್ಗುವವರನ್ನು ಕರೆದರೆ ಅದೇನು ಬೇರೆಯಾ?

ಕೊನೆಗಾರರ ಮಾತು ಬಂತು, ಹೇಳಿಬಿಡುತ್ತೇವೆ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಗಂಡಸರು ನಮ್ಮ ಸೀಮೆಯಲ್ಲಿ ಇದ್ದಾರೆ. ಅಂಥ ಮನೆಯಲ್ಲಿ ಹೆಂಡತಿ ಏನೇನು ಮಾಡಬೇಕು ನೋಡಿ. ಗಂಡನನ್ನು ಮಗ್ಗುಲು ತಿರುಗಿಸಬೇಕು. ಹಾಸಿಗೆ ಬಟ್ಟೆ ಒಗೆಯಬೇಕು. ಅಡುಗೆ ಮಾಡಬೇಕು. ಕೂಲಿಗೂ ಹೋಗಬೇಕು. ಅಲ್ಲಿ ಪಿಂಚಣಿ ಗಂಡನ ಹೆಸರಿಗೆ ಬರುತ್ತೆ. ಆದರೆ ಮನೆ ಗುಡಿಸಲು ಒಬ್ಬರು ಬಂದರೆ ಉಸಿರು ಬರುವುದು ಹೆಂಡತಿಗೆ. ಹಾಗಾಗಿ ಆ ಹಣವನ್ನು ಯಾವುದಕ್ಕೆ ಬಳಸಬೇಕು ಅಂತ ಇಬ್ಬರೂ ಕೂತು ಮಾತಾಡಬೇಕು.

ಕಾಯ್ದೆ ಮಾಡಿದವರಿಗೂ ಈ ಮಾತು ತಿಳಿದಿದೆ. ವಿಕಲಚೇತನರ ಹಕ್ಕುಗಳಿಗೆ 2016ರಲ್ಲಿ ಒಂದು ಹೊಸ ಕಾಯ್ದೆ ಬಂತು. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ಊನ ಇತ್ತು. ಹೊಸದರಲ್ಲಿ 21 ಬಗೆ ಇದೆ. ಹೆಚ್ಚು ಸಹಾಯ ಬೇಕಾದವರಿಗೆ ಆರೈಕೆಗೆ ಅಂತಲೇ ಭತ್ಯೆ ಕೊಡುವ ಯೋಜನೆ ಇರಬೇಕು ಅಂತ ಅದರ 24ನೇ ಕಲಮು ಹೇಳುತ್ತೆ. ಕರ್ನಾಟಕ ಸರ್ಕಾರ 2024ರ ಬಜೆಟ್‌ನಲ್ಲಿ ನಾಲ್ಕು ಕಾಯಿಲೆಯವರ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಹೇಳಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್. ಓದಲು ಕಷ್ಟದ ಹೆಸರುಗಳು. ಮನೆಯಲ್ಲಿ ಅಂಥವರು ಇದ್ದರೆ ಡಾಕ್ಟರ ಚೀಟಿಯಲ್ಲಿ ಈ ಹೆಸರು ಇದೆಯಾ ಅಂತ ನೋಡಿ, ವಿ.ಆರ್.ಡಬ್ಲ್ಯೂ. ಹತ್ತಿರ ಕೇಳಿ. ಪೋಲಿಯೋ ಆದವರಿಗೆ, ಮರದಿಂದ ಬಿದ್ದವರಿಗೆ ಇದು ಇಲ್ಲ. ನಮಗೆ ಇದು ಸರಿ ಕಾಣುವುದಿಲ್ಲ.

ಬೇರೆ ದೇಶದಲ್ಲಿ ಹೇಗೆ ಅಂತ ಒಬ್ಬ ತಂಗಿ ಕೇಳಿದಳು. ಬ್ರಿಟನ್‌ನಲ್ಲಿ 1996ರಲ್ಲಿ ಒಂದು ಕಾಯ್ದೆ ಮಾಡಿದರು. ಊನ ಇದ್ದವರ ಕೈಗೇ ಹಣ ಕೊಟ್ಟು, ತಮಗೆ ಬೇಕಾದ ಸಹಾಯಕರನ್ನು ಅವರೇ ಗೊತ್ತು ಮಾಡಿಕೊಳ್ಳಲು ದಾರಿ ಮಾಡಿದರು. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಇಂಥದೇ ಒಂದು ಕಾಯ್ದೆ ಬಂತು. ಯಾರಿಗೆ ಏನೇನು ಸಹಾಯ ಬೇಕು ಅಂತ ಅಲ್ಲಿ ಪಟ್ಟಿ ಮಾಡುತ್ತಾರೆ. ಮನೆ ಗುಡಿಸಿ ಒರೆಸುವ ಕೆಲಸವೂ ಆ ಪಟ್ಟಿಗೆ ಸೇರಬಹುದು. ನಮ್ಮಲ್ಲಿ ಹಾಗೆ ಬೇರೆ ಪಟ್ಟಿ ಇಲ್ಲ. 800 ರೂಪಾಯಿ ಒಂದೇ ಗಂಟು. ಎಲ್ಲವೂ ಅದರಲ್ಲೇ ಆಗಬೇಕು.

ಕೆಲಸಕ್ಕೆ ಬರುವವರ ಮಾತು

ಈ ಪುಸ್ತಕ ಓದುವ ನಿಮ್ಮಲ್ಲಿ ಎಷ್ಟೋ ಜನ ಬೇರೆಯವರ ಮನೆಗೆಲಸಕ್ಕೆ ಹೋಗುವವರೂ ಇದ್ದೀರಿ. ನಿಮ್ಮ ಮಾತನ್ನೂ ಹೇಳಬೇಕು.

ಮನೆಗೆಲಸಕ್ಕೂ ಕನಿಷ್ಠ ಕೂಲಿ ಇದೆ. ಕರ್ನಾಟಕ ಸರ್ಕಾರ 2004ರಲ್ಲಿ ಅದನ್ನು ಗೊತ್ತು ಮಾಡಿತು. "ಪಾಪ, ಕಾಲಿಲ್ಲದವರ ಮನೆ, ಬಿಟ್ಟಿ ಮಾಡಿಕೊಡು" ಅಂತ ಯಾರೂ ನಿಮಗೆ ಹೇಳಬಾರದು. ಅಕ್ಕಪಕ್ಕದ ಮನೆಯವರು ಪ್ರೀತಿಯಿಂದ ಒಂದು ದಿನ ಅಂಗಳ ಗುಡಿಸಿಕೊಡುವುದು ಬೇರೆ. ವಾರ ವಾರ ಬಂದು ಕಕ್ಕಸು ತೊಳೆಯುವುದು ದುಡಿಮೆ. ದುಡಿಮೆಗೆ ಕೂಲಿ ಬೇಕು.

ಕೆಲಸ ಶುರು ಮಾಡುವ ಮೊದಲೇ ಯಾವ ಕೆಲಸ, ಎಷ್ಟು ಹೊತ್ತು, ಎಷ್ಟು ಹಣ ಅಂತ ಮಾತಾಡಿಕೊಳ್ಳಿ. ಗುಡಿಸಲು ಬಂದವರಿಗೆ "ಹಂಗೇ ಅತ್ತೆಗೆ ಸ್ನಾನ ಮಾಡಿಸಿಬಿಡು" ಅನ್ನುವುದು ಸರಿಯಲ್ಲ. ಅದು ಬೇರೆ ಕೆಲಸ. ಮತ್ತೆ ಕಾಫಿ ಕೊಡುವಾಗ ಅವರಿಗೆ ಬೇರೆ ಲೋಟ ಇಡಬೇಡಿ. ಮನೆ ಒಳಗೆಲ್ಲಾ ಗುಡಿಸಿದವರು ಹಿತ್ತಲಲ್ಲಿ ನಿಂತು ಕುಡಿಯಬೇಕು ಅನ್ನುವ ಪದ್ಧತಿ ಇನ್ನೂ ಕೆಲವು ಮನೆಯಲ್ಲಿ ಇದೆ. ನಮ್ಮ ಕೇಂದ್ರದಲ್ಲೇ ಈ ಮಾತಿಗೆ ಇಬ್ಬರು ಮುಖ ತಿರುಗಿಸಿದರು. ಆದರೂ ಬರೆದಿದ್ದೇವೆ.

ಪಿಂಚಣಿ ನಿಂತರೆ?

ಕೂಲಿಗೆ ಮಾತು ಕೊಟ್ಟ ಮೇಲೆ ಪಿಂಚಣಿ ತಡವಾದರೆ ಇಬ್ಬರಿಗೂ ಕಷ್ಟ. ಹಾಗೆ ಆಗುತ್ತೆ. ಒಬ್ಬ ಅಕ್ಕನ ಪಿಂಚಣಿ ಐದು ತಿಂಗಳು ಬರಲಿಲ್ಲ. ಒಂದು ಆಫೀಸಿನವರು ಇನ್ನೊಂದು ಆಫೀಸಿಗೆ ಕಳಿಸಿದರು, ಅವರು ಮತ್ತೆ ಇವರ ಹತ್ತಿರ ಕಳಿಸಿದರು. ಸಹಕಾರ ಸಾರಿಗೆ ಬಸ್ಸು 2020ರಲ್ಲಿ ನಿಂತ ಮೇಲೆ ಕೆಲವು ಊರಿನವರಿಗೆ ತಾಲ್ಲೂಕು ಪೇಟೆಗೆ ಹೋಗಿ ಬರುವುದೇ ಒಂದು ದಿನದ ಕೆಲಸ. ಕೋಲು ಹಿಡಿದು ನಡೆಯುವವರು ಎಷ್ಟು ಸಲ ಓಡಾಡಬೇಕು? ಕೊನೆಗೆ ನೋಡಿದರೆ ಆಧಾರ್ ನಂಬರು ಖಾತೆಗೆ ಸೇರಿರಲಿಲ್ಲ.

ಹಣ ನಿಂತರೆ ಮೊದಲು ಬ್ಯಾಂಕ್ ಅಥವಾ ಪೋಸ್ಟಾಫೀಸಿನಲ್ಲಿ ಆಧಾರ್ ಸೇರಿದೆಯಾ ಅಂತ ಕೇಳಿ. ಸೇರಿದ್ದರೆ ನಾಡಕಚೇರಿಗೆ ಹೋಗಿ. ಪಿಂಚಣಿ ಅದಾಲತ್ ಅಂತ ಅಧಿಕಾರಿಗಳು ಊರಿಗೇ ಬಂದು ಕೂರುವ ದಿನ ಇರುತ್ತೆ. ಆವತ್ತು ಬಿಡಬೇಡಿ. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿ, ನೀವೇ ಓದಿ. ಇಂಗ್ಲಿಷ್ ಬಾರದಿದ್ದರೂ ತಾರೀಕು ಗೊತ್ತಾಗುತ್ತೆ, 800 ಗೊತ್ತಾಗುತ್ತೆ. ಬರದ ತಿಂಗಳು ಯಾವುದು ಅಂತ ಬೆರಳಿಟ್ಟು ತೋರಿಸಬಹುದು.

ನಮ್ಮ ಅಕ್ಕ ಈಗ ಶನಿವಾರ ಶನಿವಾರ ಒಬ್ಬ ಹೆಂಗಸನ್ನು ಕರೆಯುತ್ತಾರೆ. ಆ ಹೆಂಗಸು ಸಹ ನಮ್ಮ ಕೇಂದ್ರಕ್ಕೇ ಬರುವವರು. ಗೋಡೆಯ ಕ್ಯಾಲೆಂಡರಿನ ಮೇಲೆ ಇಬ್ಬರೂ ಸೇರಿ ಲೆಕ್ಕ ಬರೆದಿಡುತ್ತಾರೆ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಓದಿ ಸರಿ ಅನ್ನುತ್ತಾರೆ. ಹೋದ ಸಲ ಹೋದಾಗ ನಾವು ನೋಡಿದೆವು. ಅಕ್ಷರ ಸ್ವಲ್ಪ ಸೊಟ್ಟ ಇತ್ತು.

"ಬಚ್ಚಲು. ಅಂಗಳ. 185 ಕೊಟ್ಟೆ."

"ಕಕ್ಕಸು. ಸೌದೆ. 185 ಕೊಟ್ಟೆ."

"ಜೋರು ಮಳೆ. ಬರಲಿಲ್ಲ."

"ಬಚ್ಚಲು. ಬಲೆ. 100 ಕೊಟ್ಟೆ. 85 ಬಾಕಿ."