ಒಗರಿನ ಮೂಲ ಹುಡುಕುತ್ತ ನಂದಿ ತಪ್ಪಲಿಗೆ

ನಂದಿಬೆಟ್ಟದ ತಪ್ಪಲಿನ ಒಂದು ವೈನರಿ. ಫೆಬ್ರುವರಿಯ ಬೆಳಿಗ್ಗೆ. ಗ್ಲಾಸಿಗೆ ಒಂದು ಹನಿ ಸುರಿಯುವ ಮೊದಲೇ, ತೋಟ ತೋರಿಸಲು ಬಂದ ಹುಡುಗ ನಮ್ಮ ಅಂಗೈಗೆ ಒಂದೊಂದು ದ್ರಾಕ್ಷಿ ಇಟ್ಟ. ಕಡಲೆಕಾಳಿಗಿಂತ ತುಸು ದೊಡ್ಡದು, ಕಪ್ಪು ಬಣ್ಣ, ಮೇಲೆ ಬೂದಿ ಸವರಿದಂಥ ಮಬ್ಬು. "ಒಂದೇ ಸಲ ನುಂಗಬೇಡಿ ಸಾರ್. ಮೊದಲು ತಿರುಳು ಚೀಪಿ, ಆಮೇಲೆ ಸಿಪ್ಪೆ ಅಗೀರಿ, ಕೊನೇಲಿ ಬೀಜ ಕಡೀರಿ" ಅಂದ. ತಿರುಳು ಗಾಢ ಸಿಹಿ, ಅದರ ಬೆನ್ನಿಗೇ ಹುಳಿ. ಸಿಪ್ಪೆ ಅಗಿಯುತ್ತಿದ್ದಂತೆ ಒಗರು ಹಬ್ಬಿ, ಎಳೆ ಸೀಬೆಕಾಯಿ ಕಚ್ಚಿದ ಹಾಗೆ ನಾಲಗೆ ಒಣಗಿತು. ಬೀಜ ಕಡಿದಾಗ ಒಗರಿನ ಜೊತೆ ಕಹಿಯೂ ಸೇರಿತು. "ಇನ್ನೊಂದು ಗಂಟೆ ಬಿಟ್ಟು ರುಚಿ ನೋಡೋವಾಗ ಈ ನಾಲ್ಕನ್ನೂ ನೆನಪಿಟ್ಟುಕೊಳ್ಳಿ" ಎಂದು ಹೇಳಿ ಮುಂದೆ ನಡೆದ.

ವೈನರಿ ನೋಡಲು ಹೋಗುವುದೆಂದರೆ ಕುಡಿಯಲು ಹೋಗುವುದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆ ಒಂದು ಹಣ್ಣು ನನ್ನಲ್ಲಿ ಆ ಭಾವನೆಯನ್ನು ಅಳಿಸಿತು. ಗ್ಲಾಸಿನಲ್ಲಿ ಸಿಗುವ ಪ್ರತಿಯೊಂದು ರುಚಿಗೂ, ವಾಸನೆಗೂ ತೋಟದಲ್ಲೋ ಟ್ಯಾಂಕಿನಲ್ಲೋ ಪೀಪಾಯಿಯಲ್ಲೋ ಒಂದು ತವರು ಇದೆ. ಆ ತವರನ್ನು ನಡೆದು ನೋಡಿ, ಆಮೇಲೆ ಗ್ಲಾಸು ಎತ್ತಿದರೆ ಮಾತ್ರ ಈ ಕಸುಬಿನ ಹಿರಿಮೆ ಅರ್ಥವಾಗುತ್ತದೆ.

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರ, ಅದರ ನೆರೆಯ ದೇವನಹಳ್ಳಿ, ಚಿಕ್ಕಬಳ್ಳಾಪುರ: ಇದೆಲ್ಲ ದ್ರಾಕ್ಷಿಗೆ ಹಳೆಯ ಸೀಮೆ. ಇಲ್ಲಿನ ರೈತರಿಗೆ ದ್ರಾಕ್ಷಿ ಅಂದರೆ ಮೊದಲು ನೆನಪಾಗುವುದು ಚಪ್ಪರ. ಕಲ್ಲುಕಂಬ ನೆಟ್ಟು ತಂತಿ ಎಳೆದು ಹಬ್ಬಿಸಿದ ಚಪ್ಪರದಡಿ ತೂಗುವ ನೀಲಿ ಗೊಂಚಲು, ಅಂದರೆ ಬೆಂಗಳೂರು ಬ್ಲೂ. 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಈ ತಳಿ ಅಮೆರಿಕದ ದ್ರಾಕ್ಷಿ ಕುಲದ್ದು. ಹತ್ತು ಹೆಜ್ಜೆ ದೂರದಿಂದಲೇ ಗೊತ್ತಾಗುವ ಅದರ ಘಮ ಜ್ಯೂಸಿಗೆ, ಕ್ರಿಸ್ಮಸ್ಸಿಗೆ ಮನೆಯಲ್ಲಿ ಮಾಡುವ ಸಿಹಿ ವೈನಿಗೆ ಚೆನ್ನಾಗಿ ಒಗ್ಗುತ್ತದೆ. ಊಟದ ಜೊತೆ ಸವಿಯುವ, ಸಿಹಿಯಿಲ್ಲದ ವೈನಿಗೆ ಬೇಕಾಗುವುದು ಯುರೋಪಿನ ಕುಲದ ತಳಿಗಳು: ಕೆಂಪಿಗೆ ಕ್ಯಾಬರ್ನೆ ಸೊವಿನ್ಯೊ, ಶಿರಾಜ್, ಬಿಳಿಗೆ ಸೊವಿನ್ಯೊ ಬ್ಲಾಂ, ವಿಯೋನ್ಯೆ.

ಅವನ್ನು ಈ ಕೆಂಪು ಮಣ್ಣಿಗೆ ತಂದು ದೊಡ್ಡದಾಗಿ ಬೆಳೆಸುವ ಸಾಹಸ ಶುರುವಾದದ್ದು 1988ರಲ್ಲಿ. ಕಂವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ ತೋಟ ಮಾಡಿದರು. ಫ್ರಾನ್ಸಿನ ಶಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಜೊತೆಗಿದ್ದರು. 1990ರ ದಶಕದಲ್ಲಿ ಬೋರ್ಡೊ ಸೀಮೆಯ ಹೆಸರಾಂತ ಸಲಹೆಗಾರ ಮಿಶೆಲ್ ರೊಲಾಂ ಕೂಡ ಬಂದು ಸೇರಿದರು. ಇಂದು ಗ್ರೋವರ್ ಝಾಂಪಾ ಎಂದು ಕರೆಸಿಕೊಳ್ಳುವ ಆ ವೈನರಿಯ ಆಸುಪಾಸಿನಲ್ಲಿ ಬೇರೆಯವರೂ ತೋಟ ಎಬ್ಬಿಸಿದ್ದಾರೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಈ ಉದ್ಯಮಕ್ಕೆ ಇನ್ನಷ್ಟು ಬಲ ಬಂತು.

ಯುರೋಪಿನ ಬಳ್ಳಿಗೆ ನಂದಿ ತಪ್ಪಲು ಯಾಕೆ ಒಗ್ಗಿತು? ಬೆಟ್ಟದ ಎತ್ತರ 1,478 ಮೀಟರ್. ತಪ್ಪಲಿನ ತೋಟಗಳೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿವೆ. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ. ರಾತ್ರಿಯೂ ಧಗೆ ಇದ್ದರೆ ಬಳ್ಳಿ ಉಸಿರಾಡುತ್ತ ಆ ಹುಳಿಯನ್ನು ತಾನೇ ಕರಗಿಸಿಬಿಡುತ್ತದೆ. ಹುಳಿಯಿಲ್ಲದ ವೈನು ಹುಣಸೆಹಣ್ಣು ಹಾಕದ ಸಾರಿನ ಹಾಗೆ. ಬಾಯಲ್ಲಿ ಏಳುವುದೇ ಇಲ್ಲ.

ನಾನು ತುಂಬ ಹೊತ್ತು ನಿಂತು ಕೇಳಿಸಿಕೊಂಡದ್ದು ಬಳ್ಳಿ ಸವರುವ ಕ್ರಮವನ್ನು. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ಮಲಗುವ ಕಾಲವೇ ಇಲ್ಲ. ಸುಮ್ಮನೆ ಬಿಟ್ಟರೆ ವರ್ಷಪೂರ್ತಿ ಚಿಗುರುತ್ತಲೇ ಇರುತ್ತದೆ. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಕತ್ತರಿ ಮಾಡಬೇಕು, ಅದೂ ವರ್ಷಕ್ಕೆ ಎರಡು ಸಲ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಸುಮಾರಿಗೆ ಮೊದಲನೆಯದು. ಇದು ಮುಂದೆ ಹಣ್ಣು ಹೊರುವ ಕಡ್ಡಿಗಳನ್ನು ಸಿದ್ಧ ಮಾಡುತ್ತದೆ. ಮಳೆಗಾಲದಲ್ಲಿ ಆ ಕಡ್ಡಿಗಳು ಬಲಿಯುತ್ತವೆ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಎರಡನೆಯ ಸವರು. ಕಡ್ಡಿಯ ಗಿಣ್ಣುಗಳಲ್ಲಿರುವ ಕಣ್ಣುಗಳನ್ನು ಎಣಿಸಿ ಇಷ್ಟೇ ಎಂದು ಉಳಿಸಿ, ಅವು ಒಟ್ಟಿಗೆ ಒಡೆಯಲೆಂದು ಔಷಧ ಹಚ್ಚುತ್ತಾರೆ. ಅಲ್ಲಿಂದ ಹೂವು, ಕಾಯಿ, ಬಣ್ಣ. ಮಳೆಯ ಕಾಟವಿಲ್ಲದ ಒಣ ದಿನಗಳಲ್ಲಿ ಹಣ್ಣು ಮಾಗಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ವಿಜಯಪುರದ ಕಡೆ ದ್ರಾಕ್ಷಿ ಬೆಳೆಗಾರರು ಇದನ್ನೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎನ್ನುತ್ತಾರೆ. ಬಳ್ಳಿಯ ಪಂಚಾಂಗವನ್ನೇ ತಿರುಗಿಸಿ ಬರೆದ ಜಾಣ್ಮೆ ಇದು.

ಚಪ್ಪರದ ಬದಲು ಇಲ್ಲಿ ಬಳ್ಳಿಗಳು ತಂತಿಯ ಸಾಲಿನಲ್ಲಿ ನೆಟ್ಟಗೆ ನಿಂತಿದ್ದವು. ಎಲೆಗಳಿಗೆ ಬಿಸಿಲು, ಗೊಂಚಲಿಗೆ ಗಾಳಿ ಸಿಗಲೆಂದು ಹೀಗೆ. ಸಾಲಿನ ನಡುವೆ ಒಬ್ಬ ಹೆಂಗಸು ಕೊಯ್ಯುತ್ತಿದ್ದರು. ಎಡಗೈಯಲ್ಲಿ ಗೊಂಚಲನ್ನು ಕೆಳಗಿಂದ ಆನಿಸಿ ಹಿಡಿದು, ಬಲಗೈಯ ಪುಟ್ಟ ಕತ್ತರಿಯಿಂದ ತೊಟ್ಟು ಕತ್ತರಿಸಿ, ಕೊಳೆತ ಕಾಯಿದ್ದರೆ ಅಲ್ಲೇ ಆಯ್ದು ಬಿಸಾಡಿ, ಕ್ರೇಟಿನಲ್ಲಿ ಮೆಲ್ಲಗೆ ಇಡುತ್ತಿದ್ದರು. "ಬೆಳಗಿನ ತಂಪಲ್ಲೇ ಮುಗಿಸ್ಬೇಕಣ್ಣ. ಎಳೆದ್ರೆ ಹಣ್ಣು ಒಡೆಯುತ್ತೆ, ಒಡೆದ್ರೆ ಕ್ರೇಟಲ್ಲೇ ಹುಳಿ ಬರುತ್ತೆ" ಅಂದರು. ವೈನು ಕೆಡದಿರುವುದು ಟ್ಯಾಂಕಿಗೆ ಹೋಗುವ ಮೊದಲು ಆ ಎಡಗೈಯಲ್ಲೇ ನಿರ್ಧಾರವಾಗುತ್ತದೆ.

ಯಾವ ದಿನ ಕೊಯ್ಯಬೇಕೆಂಬುದು ವೈನ್ ಮೇಕರ್ ಮಾಡುವ ದೊಡ್ಡ ತೀರ್ಮಾನ. ರಿಫ್ರ್ಯಾಕ್ಟೋಮೀಟರ್ ಎಂಬ ಚಿಕ್ಕ ದುರ್ಬೀನಿನಂಥ ಸಲಕರಣೆಗೆ ಒಂದು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಸಕ್ಕರೆಯ ಮಟ್ಟ ಕಾಣುತ್ತದೆ. ನೂರಕ್ಕೆ 22ರಿಂದ 24 ಭಾಗ ಬಂದರೆ ಕೆಂಪು ವೈನಿಗೆ ಹದ. ಆದರೆ ಸಕ್ಕರೆ ಒಂದನ್ನೇ ನಂಬುವ ಹಾಗಿಲ್ಲ. ಅದಕ್ಕೇ ಅವರು ದಿನವೂ ಸಾಲುಸಾಲು ನಡೆದು, ನಮಗೆ ಹುಡುಗ ಕಲಿಸಿದ ರೀತಿಯಲ್ಲೇ ಸಿಪ್ಪೆ ಅಗಿದು, ಬೀಜ ಕಡಿದು ನೋಡುತ್ತಾರೆ. ಹಸಿರು ಬೀಜ ಕಂದಾಗಿ ಕಹಿ ಇಳಿದಿದೆಯೇ, ಸಿಪ್ಪೆಯ ಒರಟು ಒಗರು ನಯವಾಗಿದೆಯೇ ಎಂದು ಬಾಯೇ ಹೇಳಬೇಕು.

ಒಳಗೆ ಬಂದರೆ ಸ್ಟೀಲಿನ ಟ್ಯಾಂಕುಗಳ ಸಾಲು, ಹುದುಗಿನ ಘಾಟು. ಬಹುತೇಕ ಕಪ್ಪು ದ್ರಾಕ್ಷಿಗಳ ರಸಕ್ಕೂ ಬಣ್ಣವಿರುವುದಿಲ್ಲ. ಬಣ್ಣ ಸಿಪ್ಪೆಯದು, ಒಗರು ಸಿಪ್ಪೆ ಮತ್ತು ಬೀಜದ್ದು. ಬಿಳಿ ವೈನಿಗೆ ಹಣ್ಣನ್ನು ಕೂಡಲೇ ಹಿಂಡಿ ರಸವನ್ನಷ್ಟೇ ಹುದುಗಿಸುತ್ತಾರೆ. ಕೆಲವು ಗಂಟೆ ಸಿಪ್ಪೆಯ ಜೊತೆ ಬಿಟ್ಟು ಹಿಂಡಿದರೆ ಗುಲಾಬಿ ಬಣ್ಣದ ರೋಸೆ. ದಿನಗಟ್ಟಲೆ ಸಿಪ್ಪೆ, ಬೀಜದ ಸಮೇತ ಹುದುಗಿಸಿದರೆ ಕೆಂಪು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುವಾಗ ಟ್ಯಾಂಕು ತಾನಾಗಿ ಬಿಸಿಯೇರುತ್ತದೆ. ಬಿಳಿಯ ಹೂಹಣ್ಣಿನ ಘಮ ಆವಿಯಾಗದಂತೆ 12ರಿಂದ 16 ಡಿಗ್ರಿಯಲ್ಲಿ ತಣ್ಣಗಿಡುತ್ತಾರೆ. ಕೆಂಪಿಗೆ 25ರಿಂದ 30 ಡಿಗ್ರಿವರೆಗೆ ಬಿಡುತ್ತಾರೆ, ಸಿಪ್ಪೆಯ ಸಾರ ಇಳಿಯಬೇಕಲ್ಲ! ಗಾಳಿಗುಳ್ಳೆ ಎತ್ತಿ ತಂದ ಸಿಪ್ಪೆಯೆಲ್ಲ ಮೇಲೆ ದಪ್ಪ ಮುಚ್ಚಳದಂತೆ ಕಟ್ಟುತ್ತದೆ. ತಳದಿಂದ ರಸವನ್ನು ಪಂಪಿನಲ್ಲಿ ಎತ್ತಿ ಅದರ ಮೇಲೆ ಸುರಿದು ತೋಯಿಸುತ್ತಲೇ ಇರಬೇಕು. ಎಷ್ಟು ಸಲ, ಎಷ್ಟು ದಿನ ಎಂಬುದರ ಮೇಲೆ ಒಗರು ಹದವಾಗುತ್ತದೆ, ಇಲ್ಲವೇ ಮಿತಿಮೀರುತ್ತದೆ.

ಪಕ್ಕದ ತಣ್ಣನೆಯ ಮಬ್ಬುಗತ್ತಲೆಯ ಕೋಣೆಯಲ್ಲಿ ಓಕ್ ಮರದ ಪೀಪಾಯಿಗಳು ಮಲಗಿದ್ದವು. ಒಂದೊಂದರಲ್ಲಿ 225 ಲೀಟರ್, ಅಂದರೆ 300 ಬಾಟಲಿ. ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುವುದರಿಂದ ಅಲ್ಲಿಂದ ವೆನಿಲ್ಲಾ, ಲವಂಗ, ಹೊಗೆಯ ವಾಸನೆ ವೈನಿಗೆ ಇಳಿಯುತ್ತದೆ. ಮರದ ಸಂದಿನಿಂದ ಸೂಸಿ ಬರುವ ಅಷ್ಟಿಷ್ಟು ಗಾಳಿ ತಿಂಗಳುಗಟ್ಟಲೆ ಕೆಲಸ ಮಾಡಿ ಒಗರಿನ ಮೊನೆ ಮುರಿಯುತ್ತದೆ. ಆವಿಯಾಗಿ ಕಡಿಮೆಯಾದಷ್ಟನ್ನು ಆಗಾಗ ತುಂಬುತ್ತಿರಬೇಕು. ಖಾಲಿ ಜಾಗ ಬಿಟ್ಟರೆ ವೈನು ವಿನೆಗರಿನತ್ತ ತಿರುಗುತ್ತದೆ.

ಇಷ್ಟೆಲ್ಲ ಆದ ಮೇಲೆ ಟೇಸ್ಟಿಂಗ್ ರೂಮ್. ಉದ್ದನೆಯ ಮರದ ಮೇಜು, ಮೇಲೆ ಬಿಳಿ ಕಾಗದ, ಒಬ್ಬೊಬ್ಬರಿಗೂ ನಾಲ್ಕೈದು ಗ್ಲಾಸು, ನೀರು, ಉಪ್ಪು ಕಡಿಮೆಯಿರುವ ಬಿಸ್ಕತ್ತು. ಹಗುರಾದ ಬಿಳಿಯಿಂದ ಶುರುಮಾಡಿ ರೋಸೆ, ಕೆಂಪು, ಕೊನೆಗೆ ಸಿಹಿ. ಮೊದಲೇ ಒಗರು ಹತ್ತಿದರೆ ನಾಲಗೆ ಸೂಕ್ಷ್ಮತೆ ಕಳೆದುಕೊಳ್ಳುತ್ತದೆ, ಆದ್ದರಿಂದ ಈ ಕ್ರಮ. ಸುರಿದದ್ದು ಎರಡು ಗುಟುಕಿಗೆ ಆಗುವಷ್ಟು ಮಾತ್ರ. ಗ್ಲಾಸನ್ನು ಕಾಂಡದಲ್ಲಿ ಹಿಡಿಯಬೇಕು, ಕೈಯ ಬಿಸಿ ತಾಗಬಾರದು. ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಬೇಕು. ಅಲುಗಿಸದೆ ಒಮ್ಮೆ ಮೂಸಿ, ಆಮೇಲೆ ಮೆಲ್ಲನೆ ಸುತ್ತಿಸಿ ಮತ್ತೊಮ್ಮೆ ಮೂಸಬೇಕು. ಬಾಯಿಗೆ ತೆಗೆದುಕೊಂಡಾಗ ತುಸು ಗಾಳಿ ಒಳಗೆಳೆದರೆ ವಾಸನೆ ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ನೆನಪಿಸಿಕೊಂಡರೆ ಇದು ತಿಳಿಯುತ್ತದೆ. ನಾವು ರುಚಿ ಎನ್ನುವುದರಲ್ಲಿ ಹೆಚ್ಚಿನ ಪಾಲು ಮೂಗಿನದೇ.

ಆಮೇಲೆ ಉಗುಳುವುದು. ಮೇಜಿನ ಮೇಲೇ ಅದಕ್ಕೊಂದು ಪಾತ್ರೆ ಇರುತ್ತದೆ. ಎಂಜಲಿನ ಸಂಕೋಚದಲ್ಲಿ ಬೆಳೆದ ನಮಗೆ ನಾಲ್ಕು ಜನರ ಮುಂದೆ ಉಗುಳುವುದು ಕಷ್ಟ. ಆದರೆ ಈ ಕಸುಬಿನಲ್ಲಿ ಅದೇ ಮರ್ಯಾದೆ. ದಿನಕ್ಕೆ ಹತ್ತಾರು ಮಾದರಿ ನೋಡುವ ವೈನ್ ಮೇಕರ್ ಯಾವುದನ್ನೂ ನುಂಗುವುದಿಲ್ಲ. ತಲೆ ತಿಳಿಯಾಗಿದ್ದರೆ ಮಾತ್ರ ನಾಲಗೆ ನಿಜ ಹೇಳುತ್ತದೆ.

ವೈನಿನ ವಾಸನೆ ಹೇಳಲು ಪುಸ್ತಕಗಳಲ್ಲಿ ಬರುವ ಹಣ್ಣುಗಳನ್ನು ನಮ್ಮಲ್ಲಿ ಬಹಳ ಜನ ಕಂಡೇ ಇಲ್ಲ. ಹಾಗೆಂದು ಹಿಂಜರಿಯಬೇಕಿಲ್ಲ. ಸೊವಿನ್ಯೊ ಬ್ಲಾಂ ಮೂಸಿದಾಗ ನನಗೆ ಮಾಗಿದ ಸೀಬೆಹಣ್ಣಿನ ವಾಸನೆ ಬಂತು. ಆ ಎರಡರಲ್ಲೂ ಒಂದೇ ಬಗೆಯ ಗಂಧಕಯುಕ್ತ ಸುವಾಸನೆಯ ಅಂಶಗಳಿರುವುದು ನಿಜ. ಕ್ಯಾಬರ್ನೆಯಲ್ಲಿ ದೊಣ್ಣೆಮೆಣಸಿನಕಾಯಿ ಕತ್ತರಿಸಿದಂಥ ಹಸಿ ವಾಸನೆ ಬಂದರೆ, ಆ ಕಾಯಿಯಲ್ಲಿರುವ ಪೈರಜೀನ್ ಎಂಬ ಅಂಶವೇ ಅದಕ್ಕೆ ಕಾರಣ. ಗೊಂಚಲಿಗೆ ಬಿಸಿಲು ಸಾಲದಿದ್ದರೆ, ಹಣ್ಣು ಪೂರ್ತಿ ಮಾಗದಿದ್ದರೆ ಅದು ಉಳಿಯುತ್ತದೆ. ತೋಟದಲ್ಲಿ ಎಲೆ ತೆಗೆದು ಬಿಸಿಲು ಬಿಡುವುದು ಯಾಕೆಂದು ಗ್ಲಾಸು ಉತ್ತರ ಕೊಡುವುದು ಹೀಗೆ. ಶಿರಾಜಿನ ಕಾಳುಮೆಣಸಿನ ವಾಸನೆಯ ಮೂಲವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪತ್ತೆಹಚ್ಚಿದರು. ರೋಟಂಡೋನ್ ಎಂಬ ಆ ಅಂಶ ಕಾಳುಮೆಣಸಿನಲ್ಲೂ ಇದೆ. ಮಲೆನಾಡಿನ ಅಡುಗೆಮನೆಯಲ್ಲಿ ಬೆಳೆದ ಮೂಗಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಒಗರಿನ ವಿಷಯದಲ್ಲಂತೂ ಕನ್ನಡಿಗರಿಗೆ ಒಂದು ಹೆಜ್ಜೆ ಮುಂದೆಯೇ ಜಾಗವಿದೆ. ಒಗರು ಕೊಡುವ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿಯ ಜಾರುತನ ಹೋಗಿ ಒಣಗಿದಂತಾಗುತ್ತದೆ. ಹೊಸಬರು ಅನೇಕರು ಇದನ್ನು ಕಹಿ ಎಂದುಬಿಡುತ್ತಾರೆ. ನಮ್ಮ ಮೇಜಿನಲ್ಲೂ ಯಾರೋ ಹಾಗೆಂದಾಗ ಹುಡುಗ ನಕ್ಕು, "ಕಹಿ ಅಲ್ಲ ಮೇಡಂ, ಒಗರು. ಬೆಳಿಗ್ಗೆ ಸಿಪ್ಪೆ ಅಗಿದ್ರಲ್ಲ, ಅದು" ಅಂದ. ಆರು ರುಚಿಗಳನ್ನು ಎಣಿಸುತ್ತ ಬೆಳೆದ ನಮಗೆ ಒಗರು ಬೇರೆ, ಕಹಿ ಬೇರೆ ಎಂಬುದು ಬಾಲ್ಯದ ಪಾಠ. ನೇರಳೆ, ಸೀಬೆ, ಎಳೆ ಬಾಳೆಕಾಯಿ, ಎಲೆಯಡಿಕೆಯಲ್ಲಿ ಒಗರಿನ ಹತ್ತು ಮೆಟ್ಟಿಲುಗಳನ್ನು ನಾವು ಏರಿಳಿದಿದ್ದೇವೆ. ಆ ಗ್ಲಾಸಿನಲ್ಲಿದ್ದದ್ದು ಚೆನ್ನಾಗಿ ಮಾಗಿದ ನೇರಳೆಯ ಒಗರು: ನಾಲಗೆಯನ್ನು ಹಿಡಿದು, ಮೆಲ್ಲನೆ ಬಿಟ್ಟಿತು.

ನಂದಿ ತಪ್ಪಲು ಒಂದೇ ಅಲ್ಲ, ಹಂಪಿಯ ಗುಡ್ಡಗಳ ಬಳಿ ಕೊಪ್ಪಳ ಸೀಮೆಯಲ್ಲಿ, ರಾಮನಗರ-ಮೈಸೂರು ದಾರಿಯಲ್ಲಿ, ಕೃಷ್ಣಾ ಕಣಿವೆಯಲ್ಲಿ ವೈನ್ ದ್ರಾಕ್ಷಿ ಇದೆ. ಪಕ್ಕದ ಮಹಾರಾಷ್ಟ್ರದ ನಾಸಿಕ್‌ನಲ್ಲಂತೂ ಸುಲಾ ವೈನರಿ 2005ರಲ್ಲಿ ಟೇಸ್ಟಿಂಗ್ ರೂಮ್ ತೆರೆದ ಮೇಲೆ ಆ ಊರಿಗೆ ವೈನ್ ನೋಡಲೆಂದೇ ಜನ ಬರುವಂತಾಯಿತು.

ನೀವು ಹೋಗುವುದಾದರೆ ಕೊಯ್ಲಿನ ಕಾಲದಲ್ಲಿ, ಬೆಳಿಗ್ಗೆ, ಮೊದಲೇ ಫೋನ್ ಮಾಡಿ ಹೋಗಿ. ಸೆಂಟು ಹಾಕಿಕೊಳ್ಳಬೇಡಿ, ನಿಮ್ಮ ಮೂಗಿಗೂ ಪಕ್ಕದವರ ಮೂಗಿಗೂ ಅಡ್ಡಿ. ಹೊಟ್ಟೆಗೆ ತಿಂಡಿ ಬಿದ್ದಿರಲಿ. ಗಾಡಿ ಓಡಿಸುವವರು ಗ್ಲಾಸು ಮುಟ್ಟದಿರಲಿ. ಕುಡಿಯದವರೂ ಹೋಗಬಹುದು, ತೋಟ, ಟ್ಯಾಂಕು, ಪೀಪಾಯಿ ನೋಡಲು, ಗ್ಲಾಸು ಮೂಸಲು ಕುಡಿಯಬೇಕೆಂದೇನಿಲ್ಲ. ಸುರಿಯುವವರನ್ನು ಬೆಲೆಯ ಬದಲು ಇದನ್ನು ಕೇಳಿ: ಈ ಹಣ್ಣು ಯಾವ ಸಾಲಿನದು, ಯಾವ ವಾರ ಕೊಯ್ದದ್ದು, ಸಿಪ್ಪೆಯ ಜೊತೆ ಎಷ್ಟು ದಿನ ಇತ್ತು? ಕಸುಬು ಬಲ್ಲವರ ಮುಖ ಆ ಪ್ರಶ್ನೆಗೆ ಅರಳುತ್ತದೆ. ಒಂದು ಬಾಟಲಿಗೆ ಬೇಕಾಗುವುದು ಒಂದು ಕಿಲೋಗಿಂತ ತುಸು ಹೆಚ್ಚು ದ್ರಾಕ್ಷಿ. ಆ ಒಂದು ಕಿಲೋಗೆ ಬೇಕಾಗುವುದು ಎರಡು ಸಲದ ಸವರು, ಒಂದು ಮಳೆಗಾಲ, ಒಂದು ಚಳಿಗಾಲ ಮತ್ತು ಗೊಂಚಲನ್ನು ಕೆಳಗಿಂದ ಆನಿಸಿ ಹಿಡಿಯುವ ಒಂದು ಎಡಗೈ.